ಬಾಲವಿರುವ ಮೂರು ಚುಕ್ಕೆ

ನವೆಂಬರ್ 2, ಬುಧವಾರ
ಶೆಡ್ಡಿನಿಂದ, ಮಧ್ಯಾಹ್ನದ ಊಟ ಮುಗಿಸಿ

ಪ್ರೀತಿಯ ತಮ್ಮ ನಟ್ಟುವಿಗೆ,

ಅಕ್ಕನ ತುಂಬು ಆಶೀರ್ವಾದ. ನಾವಿಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಭಾವನಿಗೆ ಮಂಡಿನೋವು, ನನಗೆ ಆ ಮಂಡಿನೋವಿನ ಕಥೆ ಕೇಳಿ ಕೇಳಿ ತಲೆನೋವು. ಇಷ್ಟು ಬಿಟ್ಟರೆ ಇಬ್ಬರಿಗೂ ಬೇರೆ ಕಾಯಿಲೆ ಇಲ್ಲ. ನೀನು, ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಬಂದರಿನ ಗಾಳಿಯಲ್ಲಿ ಕ್ರೇನಿನ ತುದಿಗೆ ಹತ್ತಿ ಕೂರುವವನು ಕಿವಿಗೆ ಒಂದು ಬಟ್ಟೆ ಕಟ್ಟಿಕೊಂಡರೆ ನಿನ್ನ ಗಂಟೇನೂ ಹೋಗುವುದಿಲ್ಲ. ಚಿಕ್ಕಂದಿನಿಂದ ಹೇಳುತ್ತಿದ್ದೇನೆ, ಕೇಳಿದವನೇ ಅಲ್ಲ ನೀನು.

ನಿನ್ನ ಕಾಗದ ಬಂದು ಐದು ತಿಂಗಳಾಯಿತು. ತಡವಾಯಿತು, ತಪ್ಪಾಯಿತು, ಬೈಯುವುದಿದ್ದರೆ ಬೈದುಬಿಡು. ಮೂರು ಸಲ ಕಾಗದ ತೆಗೆದು ಕೂತಿದ್ದೆ. ಮೂರು ಸಲವೂ "ನಾವು ಕ್ಷೇಮ" ಎಂದು ಬರೆದು, ಮುಂದೆ ಏನೂ ತೋಚದೆ ಎದ್ದು ಹೋಗಿ ಯಾವುದೋ ನೆಟ್ಟಗಿದ್ದ ಬೋಲ್ಟನ್ನೇ ಬಿಚ್ಚಿ ಮತ್ತೆ ಹಾಕಿದೆ. ವರ್ಷಕ್ಕೊಂದು ಕಾರ್ಡು ಬರೆದುಕೊಳ್ಳುವ ಅಕ್ಕತಮ್ಮಂದಿರು ನಾವು, ಉದ್ದದ ಕಾಗದ ಬರೆಯುವುದೇ ಮರೆತುಹೋಗಿದೆ.

ಈಗ ಬರೆಯುವುದಕ್ಕೆ ಸುದ್ದಿ ಸಿಕ್ಕಿದೆ. ಎಂಥ ಸುದ್ದಿ ಅಂತೀಯ! ಕಥೆ ಆಮೇಲೆ, ಮೊದಲು ಹೇಳಿಬಿಡುತ್ತೇನೆ. ಗೆದ್ದೆವು! ಹಳೆಯ ಯಂತ್ರಗಳ ಪ್ರದರ್ಶನದಲ್ಲಿ ಅಪ್ಪನ ಟ್ರ್ಯಾಕ್ಟರಿಗೆ ಅಸಲಿ ದರ್ಜೆಯ ಪ್ರಮಾಣಪತ್ರ ಸಿಕ್ಕಿತು. ನೂರಕ್ಕೆ ತೊಂಬತ್ತೆಂಟು. ಇಂಜಿನ್ ಬ್ಲಾಕೂ ಸೇರಿ. ಇನ್ನೊಂದು ಸಲ ಬರೆಯುತ್ತೇನೆ, ಕಣ್ಣುಜ್ಜಿಕೊಂಡು ಓದು: ಇಂಜಿನ್ ಬ್ಲಾಕೂ ಸೇರಿ. ಅದು ಕಾರ್ಖಾನೆಯಿಂದ ಬಂದ ದಿನದ ಬ್ಲಾಕೇ, ಯಾರೂ ಬದಲಾಯಿಸಿಲ್ಲ ಎಂದು ಮೂವರು ಪರೀಕ್ಷಕರು ಸಹಿ ಹಾಕಿ, ಮೈಕಿನಲ್ಲಿ ಓದಿ ಹೇಳಿದರು. ಇಪ್ಪತ್ತೆರಡು ವರ್ಷ ನಿನ್ನನ್ನು ಕಳ್ಳ ಎಂದ ಬಾಯಿಗಳೆಲ್ಲ ಅಲ್ಲೇ ಇದ್ದವು. ಎಲ್ಲ ಬಿಟ್ಟ ಬಾಯಿ ಬಿಟ್ಟ ಹಾಗೇ ಇದ್ದವು.

ಈ ಕಾಗದವನ್ನು ನಿನ್ನ ಮಗಳೂ ಓದಲಿ. ಅವಳು ಲೇತ್ ಕೆಲಸ ಕಲಿಯುತ್ತಿದ್ದಾಳೆ, ತಾತನ ಟ್ರ್ಯಾಕ್ಟರ್ ನೋಡಬೇಕು ಎಂದು ಹಟ ಹಿಡಿದಿದ್ದಾಳೆ, ಅತ್ತೆಯ ಮನೆಗೆ ನಾವು ಯಾಕೆ ಹೋಗುವುದಿಲ್ಲ ಎಂದು ಕೇಳುತ್ತಾಳೆ ಎಂದು ನೀನೇ ಬರೆದಿದ್ದೆಯಲ್ಲ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಅವಳಿಗಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮಗಳೇ, ಕೇಳು. ನಿನ್ನ ತಾತನ ಬಳಿ ಒಂದೇ ಒಂದು ಸ್ವಂತ ಟ್ರ್ಯಾಕ್ಟರ್ ಇತ್ತು. ಅದರ ತಗಡಿನ ಮೇಲಿನ ನಂಬರನ್ನು ಕಾರ್ಖಾನೆಯ ಪುಸ್ತಕದಲ್ಲಿ ಹುಡುಕಿದರೆ, ಜೋಡಿಸಿ ಹೊರಗೆ ಕಳಿಸಿದ ದಿನ 1952ರ ಮಾರ್ಚ್ 11 ಎಂದು ಬರುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಹಳೆಯ ಯಂತ್ರ ಸಂಗ್ರಹಿಸುವ ಒಬ್ಬರು ಅದನ್ನು ನೋಡಲು ಬಂದರು. "ಎಲ್ಲಾ ಅಸಲೀನಾ?" ಎಂದು ಕೇಳಿದರು. ತಾತ ಎದೆಯುಬ್ಬಿಸಿ, "ಒಂದು ಮೊಳೆ ಬದಲಾಗಿದ್ರೆ ನನ್ನನ್ನ ಕೇಳಿ" ಎಂದರು. ತಾತನಿಗೆ ಆಗಲೇ ಹತ್ತಿರದ ಕಣ್ಣು ಮಂಜಾಗಿತ್ತು, ಸೊಂಟ ಹೋಗಿ ಬಗ್ಗಲು ಆಗುತ್ತಿರಲಿಲ್ಲ. ಸಣ್ಣ ಅಕ್ಷರ ಏನಿದ್ದರೂ ಓದುವವಳು ನಾನು. ನನ್ನನ್ನು ಅವರು ಕರೆಯುತ್ತಿದ್ದುದೇ ಭೂತಗನ್ನಡಿ ಎಂದು. ಬ್ಲಾಕಿನ ಪಕ್ಕೆಯ ಮಣ್ಣು ಕೆರೆದು, ಎರಕದಲ್ಲಿ ಉಬ್ಬಿ ಬಂದಿದ್ದ ತಾರೀಕು ಓದಿದೆ. 4-17-52. ಅವರಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ ಹದಿನೇಳು.

ಮಾರ್ಚಿನಲ್ಲಿ ಜೋಡಿಸಿದ ಟ್ರ್ಯಾಕ್ಟರಿಗೆ ಏಪ್ರಿಲಿನಲ್ಲಿ ಎರಕ ಹೊಯ್ದ ಬ್ಲಾಕು ಬರಲು ಹೇಗೆ ಸಾಧ್ಯ? ಬಂದವರು ಟೋಪಿ ಹಾಕಿಕೊಂಡು ಹೊರಟರು. ಆ ಬ್ಲಾಕನ್ನು ಹಿಂದಿನ ವರ್ಷ, ಸವೆದ ಸಿಲಿಂಡರು ಕೊರೆಸಿ ಬೋರ್ ಮಾಡಿಸಲು ಪಟ್ಟಣಕ್ಕೆ ಒಯ್ದು, ಹದಿನೈದು ದಿನ ಬಿಟ್ಟು ತಂದವನು ನಿನ್ನಪ್ಪ. ಅಸಲಿ ಮಾರಿಕೊಂಡು ಗುಜರಿ ಮಾಲು ತಂದು ಕೂರಿಸಿದ್ದಾನೆ ಎಂದು ತಾತ ಕೂಗಾಡಿದರು. ಕೂಗಾಡುವುದಕ್ಕೆ ಆಧಾರ ಕೊಟ್ಟವಳು ನಾನು. "ಅದೇ ಬ್ಲಾಕು ಅಕ್ಕ, ಇನ್ನೊಂದು ಸಲ ನೋಡು" ಎಂದ ನಿನ್ನಪ್ಪ. "ನನ್ನ ಕಣ್ಣು ಇವತ್ತಿನವರೆಗೆ ತಪ್ಪಿಲ್ಲ" ಎಂದೆ. ಮಾರನೆಯ ದಿನ ಬೆಳಿಗ್ಗೆ ಅವನು ಒಂದು ಚೀಲ ಹಿಡಿದು ಹೊರಟುಹೋದ. ತಾತ ಹೋದಾಗ ಬಂದ, ಶೆಡ್ಡಿನ ಹೊರಗೇ ನಿಂತ, ನೀರು ಕೂಡ ಕುಡಿಯದೆ ಹೋದ.

ನಟ್ಟು, ನಿನ್ನ ಕಾಗದದ ಕೊನೆಯ ಸಾಲು ಈಗಲೂ ನನ್ನ ಕಣ್ಣ ಮುಂದಿದೆ. "ಅದೇ ಬ್ಲಾಕು ಅಕ್ಕ. ನನಗೂ ಐವತ್ತು ಬಂತು. ಇನ್ನೊಂದು ಸಲ ನೋಡು." ಇಪ್ಪತ್ತೆರಡು ವರ್ಷದ ಹಿಂದಿನ ಮಾತು, ಒಂದಕ್ಷರವೂ ಬದಲಾಗಿರಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹಿಂದಿನ ಕೊಟ್ಟಿಗೆಗೆ ಹೋದೆ. ಟ್ರ್ಯಾಕ್ಟರಿನ ಮೇಲೆ ಹೊದಿಸಿದ್ದ ಟಾರ್ಪಾಲು ಎಳೆದೆ. ಅದರೊಳಗಿಂದ ಒಂದು ಬೆಕ್ಕು, ಮೂರು ಮರಿ ಆಚೆ ಬಂದವು. ಅವನ್ನು ಭಾವನ ಮಡಿಲಿಗೆ ಹಾಕಿ, "ನೋಡಿಕೊಳ್ಳಿ, ನನಗೆ ಕೆಲಸ ಇದೆ" ಎಂದೆ.

ಭಾವ ಅವತ್ತೇ, "ನಿನಗೆ ತಲೆ ಕೆಟ್ಟಿದೆ, ಐವತ್ತಾರಾಯ್ತು" ಎಂದರು. ಆಮೇಲೆ ಒಂದು ವಾರಕ್ಕೆ ಅವರೇ ಕುರ್ಚಿ ಎಳೆದುಕೊಂಡು ಬಂದು ಕೂತರು. ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರ ಕೈ, ಮುತ್ತಿನಂಥ ಅಕ್ಷರ. ನಾನು ಬಿಚ್ಚಿದ ಒಂದೊಂದು ಭಾಗಕ್ಕೂ ಚೀಟಿ ಬರೆದು ದಾರ ಕಟ್ಟಿದರು. ಒಂದು ಬೋಲ್ಟಿನ ಚೀಟಿಯಲ್ಲಿ "ಶ್ರೀಮತಿಯವರ ಕೈಯಿಂದ ಜಾರಿ ನನ್ನ ಕಾಲ ಮೇಲೆ ಬಿದ್ದದ್ದು" ಎಂದು ಬರೆದಿದ್ದಾರೆ. ಅದನ್ನು ಹಾಗೇ ಇಟ್ಟಿದ್ದೇನೆ.

ಅಸಲಿ ಯಾವುದು, ನಕಲಿ ಯಾವುದು ಎಂದು ನೋಡುವುದನ್ನು ನಿನ್ನ ಮಗಳು ಕಲಿಯಲಿ. ಮೊದಲು ಕೈಯಿಂದ ಸವರಿ ನೋಡಬೇಕು. ಹಳೆಯ ಎರಕದ ಅಂಚು ಸೋಪಿನ ತುಂಡಿನ ಹಾಗೆ ಮೆತ್ತಗಿರುತ್ತದೆ, ಈಗಿನ ನಕಲಿನ ಅಂಚು ಉಗುರಿಗೆ ಸಿಗುತ್ತದೆ. ಬೋಲ್ಟಿನ ತಲೆ ನೋಡಬೇಕು, ಕಾರ್ಖಾನೆಯ ಗುರುತು ಇದೆಯೋ ಇಲ್ಲವೋ. ಬಣ್ಣವನ್ನು ಬ್ಲೇಡಿನಿಂದ ಪದರ ಪದರವಾಗಿ ಕೆರೆಯಬೇಕು. ನಮ್ಮ ಟ್ರ್ಯಾಕ್ಟರಿಗೆ ಅಪ್ಪ ಹಚ್ಚಿದ ಹಸಿರು ಮೇಲೆ, ಅದರ ಕೆಳಗೆ ಕಾರ್ಖಾನೆಯ ಬೂದು, ಅದರ ಕೆಳಗೆ ತುಕ್ಕು ತಡೆಯಲು ಬಳಿದ ಕೆಂಪು ಅಸ್ತರಿ, ಆಮೇಲೆ ಬರೀ ಕಬ್ಬಿಣ. ಯಾವ ಭಾಗದಲ್ಲಿ ಬೂದು ಇಲ್ಲವೋ ಅದು ಆಮೇಲೆ ಬಂದ ಅತಿಥಿ. ಕೊನೆಗೆ, ಎರಕದ ತಾರೀಕಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಕಣ್ಣು ಮೋಸ ಹೋಗಬಹುದು, ಪೆನ್ಸಿಲ್ ಹೋಗುವುದಿಲ್ಲ.

ರೇಡಿಯೇಟರ್ ಮುಚ್ಚಳ ನಕಲಿ ಎಂದು ಮೊದಲ ದಿನವೇ ಗೊತ್ತಾಯಿತು. ಉಳಿದದ್ದು ಒಂದೊಂದೇ ಪಾಸಾಗುತ್ತಾ ಬಂತು. ಬ್ಲಾಕಿನ ಅಚ್ಚು ತೆಗೆದೆ, ಮತ್ತೆ ಅದೇ 4-17-52. ನನ್ನ ಓದು ಸರಿಯಾಗೇ ಇತ್ತು, ಬೇಕಾದರೆ ಆ ಕಾಗದ ಕಳಿಸುತ್ತೇನೆ. ಆದರೆ ಬ್ಲಾಕಿನ ಬೂದು ಬಣ್ಣವೂ, ಕೆಂಪು ಅಸ್ತರಿಯೂ ಪಕ್ಕದ ಭಾಗಗಳ ಜೊತೆ ಒಂದೇ ಕುಂಚದಲ್ಲಿ ಬಳಿದ ಹಾಗಿದ್ದವು.

ಆಮೇಲೆ ಗೇರ್‌ಬಾಕ್ಸು ತೊಳೆದೆ. ಈ ಜನ್ಮದಲ್ಲಿ ಯಾರೂ ಇಳಿಸದ ಗೇರ್‌ಬಾಕ್ಸು ಅದು, ಗೊತ್ತಲ್ಲ. ಮೂರು ಡಬ್ಬಿ ಸೀಮೆಎಣ್ಣೆ ಕುಡಿಯಿತು. ತಳದಲ್ಲಿ ತಾರೀಕು ಸಿಕ್ಕಿತು. 4-3-52. ಏಪ್ರಿಲ್ ಮೂರು! ಬ್ರಷ್ ಹಿಡಿದುಕೊಂಡೇ ಓಡಿಹೋಗಿ ಹಿಂದಿನ ಗಾಲಿಗಳ ಅಚ್ಚು ಕೂರುವ ಕವಚ ಕೆರೆದೆ. 3-29-52. ಮಾರ್ಚ್ ಇಪ್ಪತ್ತೊಂಬತ್ತು! ಮಾರ್ಚ್ ಹನ್ನೊಂದಕ್ಕೆ ಕಾರ್ಖಾನೆ ಬಿಟ್ಟ ಟ್ರ್ಯಾಕ್ಟರಿನಲ್ಲಿ ಎಲ್ಲವೂ ಆಮೇಲೆ ಹುಟ್ಟಿದವು.

"ರೀ," ಎಂದು ಭಾವನನ್ನು ಕೂಗಿದೆ. "ನನ್ನ ತಮ್ಮ ಕಳ್ಳ ಅಂತಲೇ ಇಟ್ಟುಕೊಳ್ಳಿ. ಇಡೀ ಟ್ರ್ಯಾಕ್ಟರನ್ನ ಜೇಬಿಗೆ ಹಾಕ್ಕೊಂಡು ಹೋಗಿ, ನಂಬರ್ ತಗಡು ಒಂದನ್ನ ನಮಗೆ ಬಿಟ್ಟುಹೋಗೋವಷ್ಟು ದೊಡ್ಡ ಕಳ್ಳನಾ?"

ಭಾವ ಬೆಕ್ಕಿನ ಮರಿಯನ್ನು ಕೆಳಗಿಟ್ಟು ಯೋಚನೆ ಮಾಡಿದರು. "ಕಳ್ಳನಲ್ಲ ಅಂದ್ರೆ ಕ್ಯಾಲೆಂಡರ್ ತಪ್ಪಿರಬೇಕು" ಎಂದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಯಂತ್ರದ ವಿಷಯದಲ್ಲಿ ಅವರು ಆಡಿದ ಮೊದಲ ಉಪಯೋಗದ ಮಾತು ಅದು.

ಯಾರ ಕ್ಯಾಲೆಂಡರು? ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಗಿದೆ. ಅಲ್ಲಿ ಇಲ್ಲಿ ಬರೆದು, ಕೇಳಿ, ಕಾಡಿ ಕೊನೆಗೆ ಎರಕದ ಮನೆಯಲ್ಲಿ ಮರದ ಅಚ್ಚು ಕೆತ್ತುತ್ತಿದ್ದ ಬಡಗಿಯೊಬ್ಬರು ಬದುಕಿದ್ದಾರೆ ಎಂದು ತಿಳಿಯಿತು. ಎಂಬತ್ತೊಂಬತ್ತು ವರ್ಷ. ಒಂದು ಹಗಲು ಪೂರ್ತಿ ರೈಲಿನಲ್ಲಿ ಕೂತು ಹೋದೆ. ಮೂರನೇ ಮಹಡಿ, ಕಿರಿದಾದ ಮೆಟ್ಟಿಲು, ಒಂದೇ ಕೋಣೆ. ಕಿಟಕಿ ಬಡಿಯದಂತೆ ಒತ್ತು ಕೊಟ್ಟಿದ್ದ ಮರದ ತುಂಡನ್ನು ನೋಡಿದರೆ ನಮ್ಮ ಟ್ರ್ಯಾಕ್ಟರಿನ ನೀರಿನ ಪಂಪಿನ ಅಚ್ಚು! ನನಗೆ ನಗು ತಡೆಯಲಾಗಲಿಲ್ಲ.

ಪೆನ್ಸಿಲ್ ಅಚ್ಚುಗಳನ್ನೆಲ್ಲ ಅವರ ಮಂಚದ ಮೇಲೆ ಹರಡಿದೆ. ತಾತ ಒಂದೊಂದನ್ನೂ ಮೂಗಿನ ಹತ್ತಿರ ಹಿಡಿದು ನೋಡಿದರು.

"ಇದರಲ್ಲಿ ಏನಮ್ಮಾ ತಪ್ಪು? ಎಲ್ಲಾ ಸರಿಯಾಗೇ ಇದೆಯಲ್ಲ."

"ತಾತ, ಟ್ರ್ಯಾಕ್ಟರ್ ಮಾರ್ಚಿಂದು. ಬ್ಲಾಕು ಏಪ್ರಿಲ್‌ದು."

"ಏಪ್ರಿಲ್ ಅಂತ ನಿನಗೆ ಯಾರು ಹೇಳಿದ್ದು?"

"ನಾಲ್ಕು ಅಂತ ಇದೆಯಲ್ಲ."

ಆ ಮುದುಕರು ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ನಾಲ್ಕು ಅಂದ್ರೆ ನಾಲ್ಕನೇ ತಿಂಗಳು, ನಿಜ. ಆದರೆ ನಮ್ಮ ಎರಕದ ಮನೆಗೆ ವರ್ಷ ಶುರುವಾಗ್ತಿದ್ದದ್ದು ನವೆಂಬರಿಗೆ. ಸುಗ್ಗಿ ಮುಗಿದು, ಟ್ರ್ಯಾಕ್ಟರ್ ಮಾರಾಟ ನಿಂತ ಮೇಲೆ ಕಂಪನಿಯವರು ಹಳೇ ವರ್ಷ ಮುಚ್ಚೋರು. ನವೆಂಬರ್ ಒಂದು, ಡಿಸೆಂಬರ್ ಎರಡು, ಜನವರಿ ಮೂರು, ಫೆಬ್ರವರಿ ನಾಲ್ಕು. ನಿನ್ನ ಬ್ಲಾಕು ಫೆಬ್ರವರಿ ಹದಿನೇಳರದು. ತಣ್ಣಗಾಗಿ, ಕೊರೆದು, ಜೋಡಿಸೋಕೆ ಮೂರು ವಾರ. ಲೆಕ್ಕ ಹಾಕ್ಕೋ."

ಲೆಕ್ಕ ಹಾಕಿದೆ. ಫೆಬ್ರವರಿ 17ರಿಂದ ಮಾರ್ಚ್ 11. ಇಪ್ಪತ್ತಮೂರು ದಿನ. ಗೇರ್‌ಬಾಕ್ಸು ಫೆಬ್ರವರಿ ಮೂರು, ಗಾಲಿ ಅಚ್ಚಿನ ಕವಚ ಜನವರಿ ಇಪ್ಪತ್ತೊಂಬತ್ತು. ಎಲ್ಲವೂ ಗೆರೆ ಎಳೆದ ಹಾಗೆ ಸಾಲಾಗಿ ನಿಂತವು. ಆ ಕೋಣೆಯಲ್ಲಿ ಅವರ ಮಂಚದ ಕಾಲು ಹಿಡಿದುಕೊಂಡು ನಾನು ಗಟ್ಟಿಯಾಗಿ ಅತ್ತುಬಿಟ್ಟೆ ನಟ್ಟು. ಪಾಪ ಆ ತಾತ ಗಾಬರಿಯಾಗಿ, "ನಾನೇನು ತಪ್ಪು ಹೇಳಿದೆನಮ್ಮಾ?" ಎಂದು ನೀರು ತಂದು ಕೊಟ್ಟರು. ಬರುವಾಗ ಎಲ್ಲವನ್ನೂ ಬರೆದು ಸಹಿ ಮಾಡಿಕೊಟ್ಟರು.

ಇನ್ನು ಪ್ರದರ್ಶನದ ಕಥೆ. ಹಳೆಯ ಹಿಟ್ಟಿನ ಗಿರಣಿಯ ಹಿಂದಿನ ಬಯಲು, ನೆಲಕ್ಕೆ ಮರದ ಹೊಟ್ಟು ಹಾಸಿದ್ದರು, ಅರವತ್ತು ಟ್ರ್ಯಾಕ್ಟರುಗಳು. ಹಿರಿಯ ಪರೀಕ್ಷಕರನ್ನು ಎಲ್ಲರೂ ಸೊನ್ನೆ ಸಾಹೇಬರು ಎನ್ನುತ್ತಾರೆ. ಅನುಮಾನ ಬಂದ ಭಾಗಕ್ಕೆಲ್ಲ ಸೊನ್ನೆ ಹಾಕಿ ಮುಂದೆ ಹೋಗುವ ಮನುಷ್ಯ, ನಗು ಎನ್ನುವುದು ಅವರ ಮನೆಯಲ್ಲೇ ಇಲ್ಲ. ನಮ್ಮ ಪಕ್ಕದ ಸಾಲಿನಲ್ಲಿ ಯಾರಿದ್ದರು ಹೇಳು? ಬಿಡಿಭಾಗದ ಅಂಗಡಿಯವನು! ನಿನ್ನ ಕಥೆಯನ್ನು ಊರಿಡೀ ಹಂಚಿದ ಪುಣ್ಯಾತ್ಮ. ನಮ್ಮದೇ ಮಾದರಿಯ ಟ್ರ್ಯಾಕ್ಟರ್ ಅವನದೂ, ಹೋದ ವರ್ಷ ಅಸಲಿ ದರ್ಜೆ ಸಿಕ್ಕಿದ್ದು, ಪ್ರಮಾಣಪತ್ರವನ್ನು ಕಟ್ಟು ಹಾಕಿಸಿ ಬಾನೆಟ್ಟಿನ ಮೇಲೆ ನಿಲ್ಲಿಸಿದ್ದ.

ಸೊನ್ನೆ ಸಾಹೇಬರು ಬಂದರು. "ಮೊದಲೇ ಹೇಳೋದಿದ್ರೆ ಹೇಳಿ" ಎಂದರು. "ರೇಡಿಯೇಟರ್ ಮುಚ್ಚಳ ನಕಲಿ" ಎಂದೆ. ಎರಡು ಅಂಕ ಹೊಡೆದರು. ಒಂದು ಗಂಟೆ ಸವರಿದರು, ಕೆರೆದರು, ಕನ್ನಡಿ ಹಿಡಿದು ನೋಡಿದರು. ಬ್ಲಾಕಿನ ಹತ್ತಿರ ಬಂದು ನಿಂತರು. ತಾರೀಕು ಓದಿದರು. ಪೆನ್ನಿನ ಮುಚ್ಚಳ ತೆಗೆದರು.

ಬಡಗಿ ತಾತನ ಕಾಗದ ಮುಂದಿಟ್ಟೆ. ಓದಿ, "ಇದು ಒಬ್ಬರ ನೆನಪು. ನೆನಪಿಗೆ ಅಂಕ ಕೊಡೋಕಾಗಲ್ಲ" ಎಂದರು.

ಅಂಗಡಿಯವನು ಆಗಲೇ ಜನ ಸೇರಿಸಿಕೊಂಡು ಹಲ್ಲು ಕಿರಿಯುತ್ತಿದ್ದ. "ಬಿಡಿ ಸಾರ್, ಆ ಬ್ಲಾಕಿನ ಕಥೆ ಎಲ್ಲರಿಗೂ ಗೊತ್ತಿರೋದೇ. ತಮ್ಮ ನುಂಗಿ ನೀರು ಕುಡಿದಿದ್ದನ್ನ ಅಕ್ಕ ಈಗ ಕ್ಯಾಲೆಂಡರ್ ತಿದ್ದಿ ಮುಚ್ಚೋಕೆ ಹೊರಟಿದ್ದಾಳೆ."

ನನ್ನ ಮೂಗಿನ ತುದಿಯಲ್ಲಿ ಕೋಪ ಇರುತ್ತದೆ, ನಿನಗೆ ಗೊತ್ತು. ಆದರೆ ಅವತ್ತು ಯಾಕೋ ಮೈಯೆಲ್ಲ ತಣ್ಣಗಾಯಿತು. "ಅಣ್ಣಾ, ನಿಮ್ಮ ಟ್ರ್ಯಾಕ್ಟರ್ ಕಾರ್ಖಾನೆ ಬಿಟ್ಟಿದ್ದು ಯಾವತ್ತು?" ಎಂದು ಕೇಳಿದೆ.

"1951, ನವೆಂಬರ್ ಇಪ್ಪತ್ತು. ಕಾರ್ಖಾನೆ ರಸೀದಿನೇ ಇದೆ ನನ್ನ ಹತ್ರ" ಎಂದ ಹೆಮ್ಮೆಯಿಂದ.

"ಬ್ಲಾಕು ಅಸಲೀನೇ ತಾನೆ?"

"ಹೋದ ವರ್ಷ ಇದೇ ಸಾಹೇಬರು ರಸೀದಿ ನೋಡಿ ಪಾಸ್ ಮಾಡಿದಾರೆ!"

"ಹಾಗಾದ್ರೆ ಅದರ ತಾರೀಕು ಸ್ವಲ್ಪ ಓದಿ ಹೇಳಿ."

ಅವನು ಬಗ್ಗಿ ನೋಡಿದ. ಬಗ್ಗಿದವನು ಏಳಲೇ ಇಲ್ಲ. ಸೊನ್ನೆ ಸಾಹೇಬರು ಅವನನ್ನು ಪಕ್ಕಕ್ಕೆ ಸರಿಸಿ ತಾವೇ ಓದಿದರು. 12-9-51. ನಮ್ಮ ಮಾಮೂಲಿ ಕ್ಯಾಲೆಂಡರಿನಲ್ಲಿ ಡಿಸೆಂಬರ್ ಒಂಬತ್ತು, ಅಂದರೆ ಟ್ರ್ಯಾಕ್ಟರ್ ಹೊರಗೆ ಬಂದು ಹತ್ತೊಂಬತ್ತು ದಿನ ಆದ ಮೇಲೆ!

"ಈಗ ಎರಡೇ ದಾರಿ ಸಾರ್," ಎಂದೆ. "ಬಡಗಿ ತಾತ ಹೇಳಿದ್ದು ಸುಳ್ಳಾದರೆ ಇವರ ಬ್ಲಾಕೂ ಕಳ್ಳ ಮಾಲು, ಪ್ರಮಾಣಪತ್ರ ವಾಪಸ್ ತಗೊಳ್ಳಿ. ನಿಜವಾದರೆ ಇವರದು ಅಕ್ಟೋಬರ್ ಒಂಬತ್ತು, ನಮ್ಮದು ಫೆಬ್ರವರಿ ಹದಿನೇಳು, ಎರಡೂ ಅಸಲಿ."

ನೋಡಬೇಕಿತ್ತು ನೀನು! ಒಂದು ನಿಮಿಷದ ಹಿಂದೆ ನಗುತ್ತಿದ್ದ ಅಂಗಡಿಯವನು, "ತಾತ ಹೇಳಿದ್ದೇ ನಿಜ ಸಾರ್, ಹಳಬರು ಸುಳ್ಳು ಹೇಳ್ತಾರಾ?" ಎಂದು ನನಗಿಂತ ಜೋರಾಗಿ ವಾದಿಸತೊಡಗಿದ. ನಿನ್ನ ಪರವಾಗಿ ಅವನೇ ವಕೀಲ! ಸೊನ್ನೆ ಸಾಹೇಬರು ಅಲ್ಲಿದ್ದ ಅದೇ ಕಂಪನಿಯ ಇನ್ನೂ ನಾಲ್ಕು ಟ್ರ್ಯಾಕ್ಟರುಗಳ ತಾರೀಕು ತಾವೇ ಹೋಗಿ ಓದಿಕೊಂಡು ಬಂದರು. ನಾಲ್ಕೂ ನವೆಂಬರಿನ ಲೆಕ್ಕಕ್ಕೆ ಸರಿಯಾಗಿ ಕೂತವು.

ಆದರೂ ಆ ಮನುಷ್ಯ ಬಿಡಲಿಲ್ಲ. ನೆಲಕ್ಕೆ ಮಲಗಿ, ಬ್ಲಾಕಿನ ಕೆಳಗೆ ದೀಪ ಹಿಡಿದು, "ಇದೇನಮ್ಮಾ ಇಲ್ಲಿ? ಮೂರು ಚುಕ್ಕೆ. ಒಂದೊಂದಕ್ಕೂ ಒಂದು ಸಣ್ಣ ಬಾಲ" ಎಂದರು.

ನಿನಗೆ ಗೊತ್ತಿಲ್ಲದ ಗುಟ್ಟು ಇದು. ಅಪ್ಪನ ಬೀಗದ ಕೈ ಗೊಂಚಲಲ್ಲಿ ಒಂದು ಪಂಚ್ ತೂಗುತ್ತಿತ್ತಲ್ಲ, ತೂತು ಕೊರೆಯುವ ಮುಂಚೆ ಗುರುತು ಹೊಡೆಯುವ ಮೊನಚು ಕಬ್ಬಿಣ, ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅದರ ಮೊನೆ ಒಂದು ಕಡೆ ಚೂರು ಮುರಿದಿತ್ತು. ಯಾವ ಇಂಜಿನ್ ಬಿಚ್ಚಿದರೂ ಅಪ್ಪ ಇಂಜಿನ್ ತಳದಲ್ಲಿ ಆಯಿಲ್ ಪ್ಯಾನ್ ಕೂರುವ ಅಂಚಿನ ಪಕ್ಕ ಯಾರಿಗೂ ಕಾಣದ ಹಾಗೆ ಒಂದು ಚುಕ್ಕೆ ಹೊಡೆಯುತ್ತಿದ್ದರು. ಬಿಚ್ಚಿದ ಸಲಕ್ಕೆ ಒಂದು. ಆಮೇಲೆ ಯಾರಾದರೂ ಬ್ಲಾಕು ಬದಲಾಯಿಸಿ ಅಪ್ಪನ ತಲೆಗೆ ಕಟ್ಟಲು ಬಂದರೆ ಸಿಕ್ಕಿಬೀಳಲಿ ಎಂದು. ನೀನು ಪಟ್ಟಣಕ್ಕೆ ಒಯ್ಯುವ ಮುಂಚೆ ನಮ್ಮ ಇಂಜಿನ್ ಮೂರು ಸಲ ಬಿಚ್ಚಿದ್ದರು, ಆಮೇಲೆ ನೀನು ಬಿಚ್ಚಿದ್ದಕ್ಕೆ ಚುಕ್ಕೆ ಬಿದ್ದಿಲ್ಲ. ಹೋದದ್ದೂ ಬಂದದ್ದೂ ಒಂದೇ ಬ್ಲಾಕು ಎನ್ನುವುದಕ್ಕೆ ಇನ್ನೇನು ಬೇಕು? ಅಪ್ಪ ತೀರಿಕೊಳ್ಳುವ ವರ್ಷ ಈ ಗುಟ್ಟನ್ನು ನನಗೆ ಹೇಳಿದ್ದರು. ನಮ್ಮದರಲ್ಲೂ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಈಗ ನನ್ನ ಸೊಂಟದಲ್ಲಿರುವ ಆ ಗೊಂಚಲು ತೆಗೆದು, ತಗಡಿನ ಮೇಲೆ ಪಂಚ್ ಹೊಡೆದು ತೋರಿಸಿದೆ. ಅದೇ ಬಾಲ.

ಸೊನ್ನೆ ಸಾಹೇಬರು ಎದ್ದು ಮೈಗೆ ಅಂಟಿದ ಹೊಟ್ಟು ಕೊಡವಿಕೊಂಡರು. ಅಂಕದ ಹಾಳೆಯಲ್ಲಿ ಬ್ಲಾಕಿನ ಮುಂದೆ ಪೂರ್ತಿ ಅಂಕ ಬರೆದರು. ಆಮೇಲೆ, ದೇವರಾಣೆ, ನಕ್ಕರು.

ಮೈಕಿನಲ್ಲಿ ಓದಿದ ಮೇಲೆ ಇಂಜಿನ್ ಶುರು ಮಾಡಲು ಹೇಳಿದರು. ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿದೆ, ಮೂರನೆಯದಕ್ಕೆ ಹಿಡಿದುಕೊಂಡಿತು. ಆ ಸದ್ದು ನಿನಗೆ ನೆನಪಿದೆಯಲ್ಲ, ಎರಡು ದೊಡ್ಡದು, ಒಂದು ಚಿಕ್ಕದು, ಮತ್ತೆ ಒಂದು ದೊಡ್ಡದು. ಭಾವ ಮಂಡಿನೋವು ಮರೆತು ಕುಣಿದರು. ಪ್ರಮಾಣಪತ್ರದಲ್ಲಿ "ಇಂಜಿನ್ ಕೆಲಸ ಮಾಡಿದವರು" ಎಂಬ ಜಾಗದಲ್ಲಿ ನಿನ್ನ ಪೂರ್ತಿ ಹೆಸರು ಬರೆಸಿದ್ದೇನೆ. ನೀನು ಬೋರ್ ಮಾಡಿಸಿ ತಂದ ಸಿಲಿಂಡರು ಇವತ್ತಿಗೂ ಕನ್ನಡಿಯ ಹಾಗಿದೆ, ನಾನು ಅದಕ್ಕೆ ಕೈ ಹಚ್ಚಲೇ ಇಲ್ಲ. ಅಂಗಡಿಯವನು ಬಂದು ಕೈ ಕುಲುಕಿ, "ತಮ್ಮನಿಗೆ ನಾನು ಕೇಳಿದೆ ಅಂತ ಹೇಳಿ" ಎಂದ. ಹೇಳಿದ್ದೇನೆ ನೋಡು. ನಾಚಿಕೆಯಿಲ್ಲದವನು.

ಇವತ್ತು ಎರಕದ ಮನೆಯವರ ಲೆಕ್ಕದಲ್ಲಿ ಹೊಸ ವರ್ಷದ ಎರಡನೇ ದಿನ. ನನಗೂ ಹಾಗೇ ಅನ್ನಿಸುತ್ತಿದೆ. ಶೆಡ್ಡಿನ ಮುಂದೆ ಕೂತು ಬರೆಯುತ್ತಿದ್ದೇನೆ, ಟ್ರ್ಯಾಕ್ಟರ್ ಬಿಸಿಲು ಕಾಯಿಸಿಕೊಳ್ಳುತ್ತಿದೆ, ಅದರ ಸೀಟಿನ ಮೇಲೆ ಬೆಕ್ಕು. ಮೇಲೆ ಹಳೆಯ ಬೋರ್ಡು ಹಾಗೇ ಇದೆ, "ಟ್ರ್ಯಾಕ್ಟರ್ ರಿಪೇರಿ, ತಂದೆ ಮತ್ತು ಮಗಳು". ಬಣ್ಣ ಕಿತ್ತುಬಂದಿದೆ, ಹೊಸದು ಬರೆಸಬೇಕು. ನಿನ್ನ ಮಗಳಿಗೆ ಹೇಳು, ಇಲ್ಲಿ ಒಂದು ಒಳ್ಳೆಯ ಲೇತ್ ಸುಮ್ಮನೆ ನಿಂತಿದೆ.

ನಿನ್ನ ಕೈಗೆ ಕಸುವು ಇರಲಿ, ನಿನ್ನ ಮನೆಯಾಕೆಯ ನಗು ಹಾಗೇ ಇರಲಿ, ಮಗಳ ಕಣ್ಣು ಚುರುಕಾಗಿರಲಿ. ಮೂವರೂ ನೂರು ವರ್ಷ ತಣ್ಣಗೆ ಬಾಳಿ.

ನಿನ್ನ ಅಕ್ಕ,
ಭೂತಗನ್ನಡಿ

ಮರೆತ ಮಾತು: ಇದನ್ನು ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಮೊದಲು ನೀನೊಬ್ಬನೇ ಓದು. ಮಗಳಿಗೆ ಕೊಡುವುದು ಬಿಡುವುದು ನಿನಗೆ ಸೇರಿದ್ದು.

ಮೇಲಿನ ಕಾಗದದಲ್ಲಿ ಒಂದು ನಕಲಿ ಭಾಗವಿದೆ. ಚುಕ್ಕೆಯ ವಿಷಯ. ಅವನ್ನು ನಾನು ಮೊದಲು ನೋಡಿದ್ದು ಮೊನ್ನೆಯಲ್ಲ.

ನೀನು ಹೋದ ಎಂಟನೆಯ ದಿನ ಸಂಜೆ ಅಪ್ಪ ಪೆಟ್ಟಿಗೆಯ ಮೇಲೆ ಕೂತಿದ್ದರು. ಕೋಪ ಇಳಿದಿತ್ತು. ಚುಕ್ಕೆಯ ಗುಟ್ಟನ್ನು ಅವತ್ತೇ ಹೇಳಿದರು. "ನಮ್ಮ ಇಂಜಿನ್ನಿಗೂ ಹೊಡೆದಿದ್ದೆ, ಸಿಟ್ಟಲ್ಲಿ ಮರೆತೇಹೋಗಿತ್ತು. ಮೂರು ಇರ್ಬೇಕು. ಸ್ವಲ್ಪ ಕೆಳಗೆ ಹೋಗಿ ನೋಡಮ್ಮಾ. ಇದ್ರೆ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಅವನ ಕಾಲಾದ್ರೂ ಹಿಡಿದು ಕರ್ಕೊಂಡು ಬರ್ತೀನಿ" ಎಂದರು.

ದೀಪ ಹಿಡಿದು ಕೆಳಗೆ ಮಲಗಿದೆ. ಹೆಬ್ಬೆರಳಿನಿಂದ ಗ್ರೀಸು ಒರೆಸಿದೆ. ಎಣಿಸಿದೆ. ಮೂರು, ಬಾಲದ ಸಮೇತ. ತಾರೀಕು ಯಾಕೆ ಹಾಗಿದೆ ಎಂದು ಅರ್ಥವಾಗಲಿಲ್ಲ, ಆದರೆ ಬ್ಲಾಕು ಅದೇ ಎಂದು ಗೊತ್ತಾಯಿತು. ಮಲಗಿದಲ್ಲಿಂದ ಗೋಡೆಗೆ ಒರಗಿಸಿದ್ದ ಹೊಸ ಬೋರ್ಡು ಕಾಣುತ್ತಿತ್ತು. ನೆನಪಿದೆಯಾ, ಅಪ್ಪ ಆಗಷ್ಟೇ ಬರೆಸಿದ್ದು? "ತಂದೆ ಮತ್ತು ಮಗ". ಹನ್ನೆರಡನೇ ವಯಸ್ಸಿನಿಂದ ಆ ಶೆಡ್ಡಿನಲ್ಲಿ ಗ್ರೀಸು ಮೆತ್ತಿಕೊಂಡವಳು ನಾನು. ನೀನು ಬಂದದ್ದು ಶಾಲೆ ಬೇಸರವಾದ ಮೇಲೆ.

"ಕಾಣಿಸ್ತಾ?" ಎಂದರು ಅಪ್ಪ.

"ಇಲ್ಲಪ್ಪ, ಏನೂ ಇಲ್ಲ" ಎಂದೆ. ಒರೆಸಿದ ಗ್ರೀಸನ್ನು ಮತ್ತೆ ಅಲ್ಲೇ ಬಳಿದೆ.

ಅಪ್ಪ ಪೆಟ್ಟಿಗೆಯಿಂದ ಎದ್ದು, "ಹಾಗಾದ್ರೆ ಸರಿ" ಎಂದರು. ಮುಂದಿನ ವಾರ ಬೋರ್ಡಿನಲ್ಲಿ ಒಂದಕ್ಷರ ಸೇರಿಸಿದರು. ಜಾಗವಿರಲಿಲ್ಲ, ಅದಕ್ಕೇ ಆ "ಳು" ಅಂಚಿಗೆ ಒತ್ತಿಕೊಂಡು ನಿಂತಿದೆ. ಮಗ ಕಳ್ಳ ಎಂದುಕೊಂಡೇ ಅಪ್ಪ ಹೋದರು ನಟ್ಟು. ಅದನ್ನು ಯಾವ ಪ್ರಮಾಣಪತ್ರವೂ ಈಗ ತಿದ್ದುವುದಿಲ್ಲ.

ನಿನ್ನ ಕಾಗದ ಬಂದ ದಿನವೇ ಇದನ್ನು ಬರೆಯಬಹುದಿತ್ತು. ಕಬ್ಬಿಣವೇ ಹೇಳಿಬಿಟ್ಟರೆ ನಾನು ಹೇಳುವುದು ತಪ್ಪುತ್ತದಲ್ಲ ಎಂದುಕೊಂಡೆ. ಐದು ತಿಂಗಳು ಅದಕ್ಕೇ ದುಡಿದೆ. ಗೆದ್ದು ಮನೆಗೆ ಬಂದ ಮೇಲೂ ಅದು ತಪ್ಪಲಿಲ್ಲ.

ಈ ಸಲ ಇಂಜಿನ್ ಬಿಚ್ಚಿದ್ದಕ್ಕೆ ನಾಲ್ಕನೆಯ ಚುಕ್ಕೆ ಬೀಳಬೇಕು. ನಾನು ಹೊಡೆದಿಲ್ಲ, ಅದು ನಿನ್ನದು. ಪಂಚನ್ನು ಬಟ್ಟೆಯಲ್ಲಿ ಸುತ್ತಿ ಈ ಕಾಗದದ ಜೊತೆ ಕಟ್ಟಿ ಕಳಿಸಿದ್ದೇನೆ, ಶೆಡ್ಡಿನ ಬೀಗದ ಕೈಯೂ ಅದರಲ್ಲೇ ಇದೆ. ಬರುವುದಾದರೆ ಬಾ, ಬೈಯುವುದಾದರೆ ಬಂದು ಬೈ. ಪಂಚ್ ಅಪ್ಪನದೇ. ಆದರೂ ಒಂದು ತಗಡಿನ ಮೇಲೆ ಹೊಡೆದು ಬಾಲ ಬರುತ್ತದೋ ಇಲ್ಲವೋ ನೀನೇ ನೋಡಿಕೊ, ನನ್ನ ಮಾತು ನಂಬಬೇಡ.